ಮಹಾತ್ಮರು ಕೈಯಾರೆ ಕಟ್ಟಿದ ಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮದುವೆಯ ಗಡಿಬಿಡಿ ನಾಲ್ಕು ದಿನಗಳಲ್ಲಿ ಮುಗಿಯುವುದು. ಮನೆ ಕಟ್ಟುವವನ ಚಿಂತೆಯಾದರೋ ತಳಪಾಯ ತೋಡಿದಂದು ಮೊದಲಾಗಿ ಮಾಡು ಮುಚ್ಚುವವರೆಗೂ ಅವನನ್ನು ಬಿಡದು. ಒಂದು ಮನೆಯನ್ನು ಕಟ್ಟಿ ಮುಗಿಸುವಷ್ಟರಲ್ಲಿ ಅನೇಕರ ಆಯುಷ್ಯದ ಉಳಿತಾಯವೆಲ್ಲ ಕರಗಿಹೋಗುತ್ತದೆ. ಹೀಗಿರುವಲ್ಲಿ, ಒಬ್ಬ ಮಹನೀಯರು ತಮ್ಮ ಜೀವಮಾನದಲ್ಲಿ ನಾಲ್ಕು ಬಾರಿ ಬರಿಯ ನೆಲಕ್ಕೆ ಬಂದು, ಗುಡಾರ ಹೂಡಿ, ಸಂಗಡಿಗರನ್ನು ಕೂಡಿಕೊಂಡು ವಸತಿಗಳನ್ನು ನಿರ್ಮಿಸಿದರು. ನಾಲ್ಕನ್ನೂ ಒಂದೊಂದಾಗಿ ಬಿಟ್ಟು ನಡೆದರು. ಕೊನೆಗೆ ತಮ್ಮದಲ್ಲದ ಒಂದು ಮನೆಯ ತೋಟದಲ್ಲಿ ಪ್ರಾಣ ತೊರೆದರು. ಅವರೇ ಮೋಹನದಾಸ ಕರಮಚಂದ ಗಾಂಧಿಯವರು.

ಗಾಂಧೀಜಿಯವರು ನೂಲು ತೆಗೆದುದನ್ನೂ ಉಪ್ಪು ಮಾಡಿದುದನ್ನೂ ನೀವೆಲ್ಲರೂ ಪಾಠಗಳಲ್ಲಿ ಓದಿರುವಿರಿ. ಅವರು ಮಣ್ಣು ಹೊತ್ತು, ತಗಡು ಹೊದಿಸಿ ಮನೆಗಳನ್ನು ಎಬ್ಬಿಸಿದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಜೀವನವನ್ನು ಈ ಒಂದು ದಾರಿಯಿಂದ ನೋಡುವುದು ಈ ಲೇಖನದ ಉದ್ದೇಶ.

ಕಥೆಯನ್ನು ನಮ್ಮ ಭೀಮುನಿಪಟ್ಟಣದಿಂದಲೇ ಆರಂಭಿಸಬಹುದು. ಗೋಸ್ತನೀ ನದಿಯು ಕಡಲನ್ನು ಸೇರುವ ಈ ಊರಿನಲ್ಲಿ ಹಳೆಯ ಡಚ್ಚರ ಸಮಾಧಿಗಳಿರುವುದನ್ನು ನೀವು ಕಂಡಿರಬಹುದು. ಹದಿನೇಳನೆಯ ಶತಮಾನದಲ್ಲಿ ವ್ಯಾಪಾರಕ್ಕೆಂದು ಇಲ್ಲಿಗೆ ಬಂದ ಆ ಡಚ್ಚರ ಕಂಪನಿಯೇ 1652ರಲ್ಲಿ ಆಫ್ರಿಕಾ ಖಂಡದ ದಕ್ಷಿಣದ ತುದಿಯಲ್ಲಿಯೂ ಒಂದು ನೆಲೆಯನ್ನು ಸ್ಥಾಪಿಸಿತು. ಅಲ್ಲಿ ನೆಲೆಸಿದವರ ಸಂತತಿಯೇ ಮುಂದೆ ಬೋಯರರೆನಿಸಿಕೊಂಡು, ಒಳನಾಡಿಗೆ ಹೋಗಿ ಟ್ರಾನ್ಸ್‌ವಾಲ್ ಎಂಬ ರಾಜ್ಯವನ್ನು ಕಟ್ಟಿತು. ಅದರ ನೆರೆಯ ನೇಟಾಲ್ ಪ್ರಾಂತವು ಇಂಗ್ಲಿಷರ ವಶದಲ್ಲಿತ್ತು. ನೇಟಾಲಿನ ಕಬ್ಬಿನ ತೋಟಗಳಿಗೆ ಕೂಲಿಯಾಳುಗಳು ಬೇಕಾದಾಗ ಇಂಗ್ಲಿಷರು ಭಾರತದತ್ತ ಕಣ್ಣು ಹಾಯಿಸಿದರು. 1860ರಲ್ಲಿ ಮದರಾಸಿನಿಂದ ಹೊರಟ ಹಡಗು ಕರಾರಿನ ಕೂಲಿಗಳನ್ನು ಮೊದಲ ಬಾರಿಗೆ ಡರ್ಬಾನ್ ಬಂದರಿನಲ್ಲಿ ಇಳಿಸಿತು. ಮುಂದಿನ ಐವತ್ತು ವರ್ಷಗಳಲ್ಲಿ ಸುಮಾರು ಒಂದೂವರೆ ಲಕ್ಷ ಜನರು ಹೀಗೆ ಹೋದರು. ತಮಿಳರೂ ತೆಲುಗರೂ ಅವರಲ್ಲಿ ಬಹುಸಂಖ್ಯೆಯಲ್ಲಿದ್ದರು. ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಹೋದ ಆ ಜನರಿಗೆ ತೋಟದ ಧಣಿಗಳು ಕೊಟ್ಟ ಸಾಲುಕೊಟ್ಟಡಿಗಳೇ ಮನೆಗಳಾದವು.

ಗಾಂಧೀಜಿಯವರು ಹುಟ್ಟಿದ್ದು ಬಡವರ ಗುಡಿಸಲಿನಲ್ಲಲ್ಲ. 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ, ದಿವಾನಗಿರಿ ಮಾಡುತ್ತಿದ್ದ ಮನೆತನದ ದೊಡ್ಡ ಮನೆಯಲ್ಲಿ ಅವರು ಜನಿಸಿದರು. 1888ರಲ್ಲಿ ಲಂಡನ್ನಿಗೆ ತೆರಳಿ ಬ್ಯಾರಿಸ್ಟರಾಗಿ ಹಿಂದಿರುಗಿದರು. 1893ರಲ್ಲಿ ಒಂದು ವ್ಯಾಪಾರಸಂಸ್ಥೆಯ ಮೊಕದ್ದಮೆಗಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಬಿಳಿಯರು ಮೊದಲನೆಯ ದರ್ಜೆಯ ರೈಲು ಡಬ್ಬಿಯಿಂದ ಅವರನ್ನು ಹೊರಗೆ ನೂಕಿಸಿದ ಆ ರಾತ್ರಿಯ ವೃತ್ತಾಂತವು ಲೋಕವಿದಿತವೇ ಆಗಿದೆ. ಒಂದು ವರ್ಷಕ್ಕೆಂದು ಹೋದವರು ತಮ್ಮ ಜನರ ಕಷ್ಟವನ್ನು ಕಂಡು ಅಲ್ಲಿಯೇ ನಿಂತರು. ವಕೀಲಿಯೂ ಚೆನ್ನಾಗಿ ನಡೆಯಿತು. ಡರ್ಬಾನಿನಲ್ಲಿಯೂ ಬಳಿಕ ಜೋಹಾನ್ಸ್‌ಬರ್ಗಿನಲ್ಲಿಯೂ ಅನುಕೂಲಸ್ಥರ ಬೀದಿಯಲ್ಲಿ ಒಳ್ಳೆಯ ಮನೆಗಳನ್ನು ಹಿಡಿದು ವಾಸಿಸುತ್ತಿದ್ದರು.

1904ರಲ್ಲಿ ಒಂದು ರಾತ್ರಿಯ ರೈಲುಪ್ರಯಾಣವು ಅವರ ಬಾಳನ್ನು ಬದಲಿಸಿತು. ಜೋಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೊರಟಾಗ ಅವರ ಮಿತ್ರರಾದ ಪೋಲಕ್ ಎಂಬವರು ಓದಲೆಂದು ರಸ್ಕಿನ್ನನ ಒಂದು ಪುಸ್ತಕವನ್ನು ಕೈಗಿತ್ತರು. ಆ ಪುಸ್ತಕವು ರಾತ್ರಿಯೆಲ್ಲ ಅವರನ್ನು ನಿದ್ರಿಸಗೊಡಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ಕೈಯಿಂದ ದುಡಿದು ಬಾಳುವ ಬಾಳೇ ಸಾರ್ಥಕವಾದುದು ಎಂಬ ಅರ್ಥವನ್ನು ಅವರು ಅದರಿಂದ ಗ್ರಹಿಸಿದರು. ಓದಿ ಮೆಚ್ಚಿ ಪುಸ್ತಕವನ್ನು ಮಡಿಸಿಡುವವರು ಬಹಳ ಮಂದಿ. ಗಾಂಧೀಜಿಯವರು ಬೆಳಗಾಗುತ್ತಲೇ ಅದನ್ನು ಆಚರಣೆಗೆ ತರಲು ನಿಶ್ಚಯಿಸಿ, ಕೂಡಲೇ ನೆಲ ಹುಡುಕತೊಡಗಿದರು.

ಡರ್ಬಾನಿನಿಂದ 14 ಮೈಲಿ ದೂರದಲ್ಲಿ, ಫೀನಿಕ್ಸ್ ಎಂಬ ರೈಲು ನಿಲ್ದಾಣಕ್ಕೆ ಸಮೀಪವಾಗಿ, 20 ಎಕರೆ ಭೂಮಿ ದೊರೆಯಿತು. ಒಂದು ಸಣ್ಣ ಒರತೆ, ಕೆಲವು ಕಿತ್ತಳೆ ಮತ್ತು ಮಾವಿನ ಗಿಡಗಳು ಅಲ್ಲಿದ್ದವು. ಪಕ್ಕದ 80 ಎಕರೆಯನ್ನೂ ಸೇರಿಸಿ ಒಟ್ಟು ಒಂದು ಸಾವಿರ ಪೌಂಡಿಗೆ ಕೊಂಡುದಾಯಿತು. ಆ ನೆಲದಲ್ಲಿದ್ದುದು ಬೀಳುವ ಸ್ಥಿತಿಯ ಒಂದು ಹಳೆಯ ಮನೆ ಮಾತ್ರ. ಉಳಿದೆಡೆಯೆಲ್ಲ ಆಳೆತ್ತರದ ಹುಲ್ಲು, ಹುಲ್ಲಿನೊಳಗೆ ಹಾವುಗಳು.

ಈ ನೆಲದಲ್ಲಿ ಮೊತ್ತಮೊದಲು ಎದ್ದುದು ವಾಸದ ಮನೆಯಲ್ಲ, ಅಚ್ಚುಕೂಟ. ಭಾರತೀಯರ ದುಃಖವನ್ನು ಹೊರಗೆಡಹಲು ಆರಂಭಿಸಿದ್ದ ಇಂಡಿಯನ್ ಒಪಿನಿಯನ್ ಪತ್ರಿಕೆಯನ್ನು ಅಲ್ಲಿಂದಲೇ ಹೊರಡಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಪಾರಸಿ ರುಸ್ತುಮ್‌ಜೀ ಎಂಬ ವರ್ತಕರು ತಮ್ಮ ಹಳೆಯ ಗೋದಾಮಿನ ತಗಡುಗಳನ್ನೂ ಇತರ ಸಾಮಗ್ರಿಯನ್ನೂ ಧಾರಾಳವಾಗಿ ಕೊಟ್ಟರು. ಬೋಯರ್ ಯುದ್ಧದ ಕಾಲದಲ್ಲಿ ಗಾಂಧೀಜಿಯವರೊಡನೆ ಗಾಯಾಳುಗಳ ಶುಶ್ರೂಷೆ ಮಾಡಿದ್ದ ಭಾರತೀಯ ಬಡಗಿಗಳೂ ಗಾರೆ ಕೆಲಸದವರೂ ಬಂದು ನೆರವಾದರು. ಎಲ್ಲರೂ ಗುಡಾರಗಳಲ್ಲಿ ಮಲಗಿ, ಹಾವುಗಳ ನಡುವೆ ದುಡಿದು, ಒಂದು ತಿಂಗಳು ತುಂಬುವುದರೊಳಗಾಗಿ 75 ಅಡಿ ಉದ್ದ, 50 ಅಡಿ ಅಗಲದ ಕಟ್ಟಡವನ್ನು ನಿಲ್ಲಿಸಿದರು.

ಪತ್ರಿಕೆ ಅಚ್ಚಾಗಬೇಕಾದ ಮೊದಲ ರಾತ್ರಿ ಒಂದು ವಿಘ್ನ ಎದುರಾಯಿತು. ಎಣ್ಣೆಯ ಯಂತ್ರವು ಹೊರಡಲೊಲ್ಲದೆ ನಿಂತಿತು. ಡರ್ಬಾನಿನಿಂದ ಬಂದಿದ್ದ ಯಂತ್ರಜ್ಞನ ಪ್ರಯತ್ನವೂ ಫಲಿಸಲಿಲ್ಲ. ಕೈಯಿಂದ ತಿರುಗಿಸುವ ಒಂದು ಚಕ್ರವಿತ್ತು, ಅದಕ್ಕೆ ಒಮ್ಮೆಗೆ ನಾಲ್ವರು ಬೇಕು, ಇದ್ದವರೆಲ್ಲ ದಣಿದಿದ್ದರು. ಕಟ್ಟಡದ ಕೆಲಸ ಪೂರ್ತಿಯಾಗಿರದ ಕಾರಣ ಬಡಗಿಗಳು ಅಲ್ಲಿಯೇ ನೆಲದ ಮೇಲೆ ಮಲಗಿದ್ದರು. ಗಾಂಧೀಜಿಯವರು ಅವರನ್ನೆಬ್ಬಿಸಿ ಸಹಾಯ ಬೇಡಿದರು. ಅವರು ಸಂತೋಷದಿಂದ ಎದ್ದು ಬಂದರು. ಬಡಗಿಗಳೂ ಬರೆಹಗಾರರೂ ಬ್ಯಾರಿಸ್ಟರರೂ ಸರದಿಯ ಮೇಲೆ ರಾತ್ರಿಯೆಲ್ಲ ಚಕ್ರ ತಿರುಗಿಸಿದರು. ಬೆಳಗಿನ ಹೊತ್ತಿಗೆ ಯಂತ್ರವೂ ಹೊರಟಿತು. ಪತ್ರಿಕೆ ಹೊತ್ತಿಗೆ ಸರಿಯಾಗಿ ಸಿದ್ಧವಾಯಿತು. ಮನೆ ಕಟ್ಟಿದ ಕೈಗಳೇ ಆ ಮನೆಯ ಮೊದಲ ಕಾರ್ಯವನ್ನೂ ನೆರವೇರಿಸಿಕೊಟ್ಟವು.

ಬಳಿಕ ನೆಲವನ್ನು ಮೂರು ಮೂರು ಎಕರೆಗಳಾಗಿ ಹಂಚಿ, ಪ್ರತಿಯೊಂದರಲ್ಲಿ ಒಂದೊಂದು ಮನೆಯನ್ನು ಕಟ್ಟಲಾಯಿತು. ರೈತರ ಮನೆಗಳಂತೆ ಮಣ್ಣಿನ ಗೋಡೆ, ಹುಲ್ಲಿನ ಮಾಡು ಇರಬೇಕೆಂದು ಗಾಂಧೀಜಿಯವರ ಆಶೆ. ಆದರೆ ಅದಕ್ಕೆ ಹೆಚ್ಚು ಹಣವೂ ಕಾಲವೂ ಹಿಡಿಯುವಂತಿದ್ದುದರಿಂದ ತಗಡಿನ ಮನೆಗಳಿಗೇ ತೃಪ್ತರಾಗಬೇಕಾಯಿತು. ಬಿಳಿಯನಾಗಲಿ ಕರಿಯನಾಗಲಿ, ಅಲ್ಲಿ ದುಡಿಯುವವರಿಗೆಲ್ಲ ತಿಂಗಳಿಗೆ ಮೂರು ಪೌಂಡುಗಳ ಒಂದೇ ಸಮನಾದ ವೇತನ ಗೊತ್ತಾಯಿತು.

ಎರಡನೆಯ ಬಾರಿಯ ಗೃಹನಿರ್ಮಾಣಕ್ಕೆ ಒದಗಿದ ಕಾರಣವೇ ಬೇರೆ. ಟ್ರಾನ್ಸ್‌ವಾಲಿನಲ್ಲಿದ್ದ ಏಷ್ಯಾದ ಜನರೆಲ್ಲರೂ ಬೆರಳಿನ ಗುರುತನ್ನಿತ್ತು ಹೆಸರು ನೋಂದಾಯಿಸಬೇಕು, ಆ ಚೀಟಿಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಎಂಬ ಶಾಸನವು 1907ರಲ್ಲಿ ಜಾರಿಗೆ ಬಂದಿತು. ಈ ಅಪಮಾನವನ್ನು ಒಪ್ಪದವರು ಸತ್ಯಾಗ್ರಹ ಹೂಡಿ ಸೆರೆಮನೆಗೆ ನಡೆದರು. ದುಡಿಯುವ ಗಂಡಸು ಸೆರೆಗೆ ಹೋದರೆ ಹೆಂಡತಿಮಕ್ಕಳ ಗತಿಯೇನು? ಪ್ರತಿಯೊಂದು ಸಂಸಾರಕ್ಕೂ ಬೇರೆ ಬೇರೆಯಾಗಿ ಹಣ ಕೊಡುತ್ತ ಹೋದಂತೆ ನಿಧಿ ಬರಿದಾಗತೊಡಗಿತು. ಸತ್ಯಕ್ಕಾಗಿ ಹೋರಾಡುವವನಿಗೆ ಧೈರ್ಯವೊಂದಿದ್ದರೆ ಸಾಲದು, ಅವನ ಮಕ್ಕಳಿಗೆ ಮಲಗಲು ಒಂದು ಸೂರೂ ಬೇಕೆಂಬುದನ್ನು ಗಾಂಧೀಜಿಯವರು ಮನಗಂಡರು. ಆ ಸಂಸಾರಗಳೆಲ್ಲ ಒಂದೆಡೆ ಸೇರಿ ದುಡಿದು ಉಣ್ಣುವ ಸ್ಥಳವೊಂದು ಅಗತ್ಯವಾಯಿತು.

ಆಗ ಒದಗಿಬಂದವರು ಹರ್ಮನ್ ಕಾಲನ್‌ಬಾಕ್ ಎಂಬ ಮಿತ್ರರು. ಜರ್ಮನಿಯಿಂದ ಬಂದ ಯಹೂದ್ಯರಾದ ಇವರು ವೃತ್ತಿಯಿಂದ ಶಿಲ್ಪಿಗಳು. ಜೋಹಾನ್ಸ್‌ಬರ್ಗಿನ ಸಿರಿವಂತರಿಗೆ ಮನೆಗಳ ನಕ್ಷೆ ಬರೆದುಕೊಟ್ಟು ಹೇರಳವಾಗಿ ಸಂಪಾದಿಸಿದ್ದವರು. ಅವರು 1,100 ಎಕರೆಗಳ ಜಮೀನನ್ನು ಕೊಂಡು, 1910ರ ಮೇ 30ರಂದು ಬಾಡಿಗೆಯಿಲ್ಲದೆ ಸತ್ಯಾಗ್ರಹಿಗಳ ಉಪಯೋಗಕ್ಕೆ ಒಪ್ಪಿಸಿಕೊಟ್ಟರು. ರಷ್ಯಾ ದೇಶದ ಋಷಿಸದೃಶ ಲೇಖಕರ ಗೌರವಾರ್ಥವಾಗಿ ಅದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂಬ ಹೆಸರಾಯಿತು. ಜೋಹಾನ್ಸ್‌ಬರ್ಗಿನಿಂದ ಅದು 21 ಮೈಲಿ. ಸುಮಾರು ಒಂದು ಸಾವಿರ ಹಣ್ಣಿನ ಗಿಡಗಳು, ಎರಡು ಬಾವಿಗಳು, ಒಂದು ಒರತೆ ಅಲ್ಲಿದ್ದವು. ಆದರೆ ಇದ್ದ ಮನೆಯಲ್ಲಿ ಐದಾರು ಜನರಿಗಿಂತ ಹೆಚ್ಚು ಮಂದಿ ಹಿಡಿಸುವಂತಿರಲಿಲ್ಲ. ಒರತೆಯಾದರೋ ಮನೆಯಿಂದ ಐನೂರು ಗಜ ದೂರದಲ್ಲಿತ್ತು. ನೀರನ್ನು ಕಾವಡಿಯಲ್ಲಿ ಹೊತ್ತು ತರಬೇಕಾಗಿತ್ತು.

ಆಳುಗಳನ್ನು ಇಟ್ಟುಕೊಳ್ಳಬಾರದು, ಅಡಿಗೆಯಿಂದ ಹಿಡಿದು ಕಕ್ಕಸಿನ ಶುದ್ಧಿಯವರೆಗೆ ಎಲ್ಲವನ್ನೂ ತಾವೇ ಮಾಡಬೇಕೆಂಬುದು ಅಲ್ಲಿಯ ನಿಯಮ. ಮನೆ ಕಟ್ಟುವುದಕ್ಕೂ ಸಾಧ್ಯವಾದ ಮಟ್ಟಿಗೆ ಇದೇ ನಿಯಮ ಅನ್ವಯಿಸಿತು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ವಸತಿಗಳು, ಕಾಲನ್‌ಬಾಕರಿಗೆ ಒಂದು ಮನೆ, ಅದರ ಪಕ್ಕದಲ್ಲಿ ಪಾಠಶಾಲೆ, ಬಡಗಿಯ ಕೆಲಸಕ್ಕೂ ಚಮ್ಮಾರಿಕೆಗೂ ಒಂದು ಕಾರ್ಖಾನೆ, ಇಷ್ಟು ಕಟ್ಟಡಗಳಾಗಬೇಕಾಗಿತ್ತು. ಸಿರಿವಂತರ ಬಂಗಲೆಗಳ ನಕ್ಷೆ ಬರೆಯುತ್ತಿದ್ದ ಕಾಲನ್‌ಬಾಕರು ಈ ತಗಡಿನ ಮನೆಗಳ ಮೇಲ್ವಿಚಾರಣೆಗೆ ನಿಂತರು. ಒಬ್ಬ ಯೂರೋಪಿಯನ್ ಗಾರೆ ಕೆಲಸದವನನ್ನು ಅವರು ಗೊತ್ತುಮಾಡಿದರು. ಗುಜರಾತಿನ ಬಡಗಿ ನಾರಾಯಣದಾಸ ದಮಾನಿಯಾ ಎಂಬವರು ಕೂಲಿಯನ್ನೇ ತೆಗೆದುಕೊಳ್ಳದೆ ದುಡಿದುದಲ್ಲದೆ, ಬೇರೆ ಬಡಗಿಗಳನ್ನೂ ಕಡಿಮೆ ಕೂಲಿಗೆ ಕರೆತಂದರು. ಮಿಕ್ಕ ಕೆಲಸವೆಲ್ಲ ನಿವಾಸಿಗಳ ಕೈಯಿಂದಲೇ ಆಯಿತು.

ಕೆಲಸ ಸಾಗಿದ ಬಗೆಯನ್ನು ತಿಳಿಯುವುದು ಉಪಯುಕ್ತವಾಗಿದೆ. ಮರವು ಬೇಕಾದ ಗಾತ್ರಗಳಲ್ಲಿ ಸಿದ್ಧವಾಗಿಯೇ ದೊರೆಯುತ್ತಿದ್ದುದರಿಂದ ಅಳೆದು ಕೊಯ್ದರೆ ಸಾಕಾಗುತ್ತಿತ್ತು. ಗೋಡೆಗೂ ಮಾಡಿಗೂ ಸುಕ್ಕುತಗಡೇ. ಬಾಗಿಲು ಕಿಟಕಿಗಳು ಮಿತವಾಗಿದ್ದವು. ಸುಮಾರು ಎರಡು ತಿಂಗಳ ಕಾಲ ಎಲ್ಲರೂ ಗುಡಾರಗಳಲ್ಲಿ ವಾಸಿಸಿ ಈ ಕೆಲಸವನ್ನು ಪೂರೈಸಿದರು. ಇದು ಸುಲಭವಾದ ಕಾಲವಾಗಿರಲಿಲ್ಲ. ಹುಟ್ಟಿದಂದಿನಿಂದ ಸುಖದಲ್ಲಿಯೇ ಬೆಳೆದ ಪ್ರಾಗ್‌ಜೀ ದೇಸಾಯಿ ಎಂಬ ತರುಣರು ಬಿಸಿಲಿನಲ್ಲಿ ದುಡಿದು ದಣಿದು ಒಂದು ದಿನ ಕುಸಿದು ಬಿದ್ದರು. ಆದರೂ ಅವರು ಹಿಂದೆಗೆಯಲಿಲ್ಲ. ಮೈಯನ್ನು ಕಷ್ಟಕ್ಕೆ ಒಗ್ಗಿಸಿಕೊಂಡು ಕಡೆಗೆ ಎಲ್ಲರ ಸಮಕ್ಕೂ ದುಡಿದರು.

ಈ ಮನೆಗಳಲ್ಲಿ ಬಾಳಿದವರು ಯಾರು? ಗುಜರಾತಿನವರು, ತಮಿಳುನಾಡಿನವರು, ನಮ್ಮ ಈ ಆಂಧ್ರದೇಶದವರು, ಉತ್ತರ ಹಿಂದೂಸ್ಥಾನದವರು. ಹಿಂದೂಗಳು, ಮುಸಲ್ಮಾನರು, ಪಾರಸಿಗಳು, ಕ್ರೈಸ್ತರು. ಸುಮಾರು ನಲವತ್ತು ಮಂದಿ ತರುಣರು, ಇಬ್ಬರು ಮೂವರು ಮುದುಕರು, ಐವರು ಹೆಂಗಸರು, ಇಪ್ಪತ್ತು ಮೂವತ್ತು ಮಕ್ಕಳು. ಹುಟ್ಟೂರಿನಲ್ಲಿದ್ದಿದ್ದರೆ ಒಬ್ಬರ ಮುಖವನ್ನೊಬ್ಬರು ಕಾಣದಿದ್ದವರು, ಪರನಾಡಿನಲ್ಲಿ ಒಂದೇ ಮಾಡಿನ ಕೆಳಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು.

ವಿದ್ಯಾರ್ಥಿಗಳಾದ ನೀವು ವಿಶೇಷವಾಗಿ ತಿಳಿಯಬೇಕಾದುದು ಅಲ್ಲಿಯ ಮಕ್ಕಳ ವಿಷಯ. ಗುಂಡಿ ತೋಡುವುದು, ಮರ ಕಡಿಯುವುದು, ಹೊರೆ ಹೊರುವುದು, ಗಿಡಗಳನ್ನು ನೋಡಿಕೊಳ್ಳುವುದು ಇವುಗಳಲ್ಲಿ ಹೆಚ್ಚಿನ ಪಾಲು ಮಕ್ಕಳದೇ. ಆದರೆ ಅದಕ್ಕೊಂದು ಕಟ್ಟಲೆ ಇದ್ದಿತು. ಗುರುಗಳು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದು; ಮಕ್ಕಳು ಗುದ್ದಲಿ ಹಿಡಿದಲ್ಲಿ ಗುರುಗಳೂ ಗುದ್ದಲಿ ಹಿಡಿದಿರಬೇಕು. ಬೆಳಗಿನ ಹೊತ್ತೆಲ್ಲ ದುಡಿಮೆಯಲ್ಲಿ ಕಳೆಯುತ್ತಿದ್ದುದರಿಂದ ಪಾಠಗಳು ಮಧ್ಯಾಹ್ನ ಊಟದ ಮೇಲೆ ನಡೆಯುತ್ತಿದ್ದವು. ದಣಿದ ಮೈಗೆ ತೂಕಡಿಕೆ ಬರುವುದು ಸಹಜ. ಕಣ್ಣಿಗೆ ನೀರು ಚಿಮುಕಿಸಿಕೊಂಡು ಗುರುಶಿಷ್ಯರಿಬ್ಬರೂ ಓದುತ್ತಿದ್ದರು; ಕೆಲವೊಮ್ಮೆ ಗುರುಗಳೇ ತೂಕಡಿಸುತ್ತಿದ್ದುದೂ ಉಂಟು.

ಪಾಠ ಯಾವ ಭಾಷೆಯಲ್ಲಿ? ಅವರವರ ಮಾತೃಭಾಷೆಯನ್ನು ಮಕ್ಕಳಿಗೆ ಕಲಿಸಲೇಬೇಕೆಂಬುದು ಗಾಂಧೀಜಿಯವರ ದೃಢನಿಶ್ಚಯ. ಇಂಗ್ಲಿಷಿನಿಂದಲೇ ಅನ್ನ ದೊರೆಯುವ ನಾಡಿನಲ್ಲಿ ಈ ನಿಶ್ಚಯ ಮಾಡಿದರೆಂಬುದನ್ನು ಗಮನಿಸಬೇಕು. ತಮಿಳು ಮಕ್ಕಳಿಗೆ ತಮಿಳನ್ನು ಕಲಿಸುವ ಭಾರವೂ ಅವರ ಮೇಲೆಯೇ ಬಿದ್ದಿತು. ಹಡಗಿನ ಪ್ರಯಾಣಗಳಲ್ಲಿಯೂ ಸೆರೆಮನೆಯಲ್ಲಿಯೂ ಒಂದು ಕೈಪಿಡಿಯ ನೆರವಿನಿಂದ ಕಲಿತಷ್ಟೇ ತಮಿಳು ಅವರಿಗೆ ಬರುತ್ತಿತ್ತು. ಮಾತನಾಡುವುದರಲ್ಲಿ ಶಿಷ್ಯರೇ ಗುರುಗಳಿಗಿಂತ ಮುಂದಾಗಿದ್ದರು. ಅವರು ಅದನ್ನು ಮುಚ್ಚಿಡಲಿಲ್ಲ. ತಮಗೆ ತಿಳಿದ ಲಿಪಿಯನ್ನೂ ವ್ಯಾಕರಣವನ್ನೂ ಹೇಳಿಕೊಟ್ಟು, ತಿಳಿಯದುದನ್ನು ತಿಳಿಯದೆಂದೇ ಒಪ್ಪಿಕೊಂಡರು. ಮಕ್ಕಳ ಪ್ರೀತಿಗೂ ಗೌರವಕ್ಕೂ ಅದರಿಂದ ಕುಂದುಂಟಾಗಲಿಲ್ಲ. ತಗಡಿನ ಮಾಡಿನ ಕೆಳಗೆ, ಕಡಲಿನಾಚೆ, ಮಕ್ಕಳು ತಮ್ಮ ತಾಯಂದಿರ ನುಡಿಯ ಅಕ್ಷರಗಳನ್ನು ತಿದ್ದಿದರು. ತೆಲುಗು ನೆಲದಲ್ಲಿ ಕನ್ನಡ ಓದುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮನೆಗಳ ನಿಜವಾದ ಪ್ರಯೋಜನವು 1913ರಲ್ಲಿ ಕಂಡುಬಂದಿತು. ಕರಾರು ಮುಗಿದ ಕೂಲಿಗಳ ಮೇಲೆ ಸರ್ಕಾರವು ವರ್ಷಕ್ಕೆ ಮೂರು ಪೌಂಡಿನ ತಲೆಗಂದಾಯವನ್ನು ಹೇರಿದ್ದಿತು. ಅದರ ರದ್ದಿಗಾಗಿಯೂ ಭಾರತೀಯ ವಿವಾಹಗಳ ಮಾನ್ಯತೆಗಾಗಿಯೂ ಮತ್ತೆ ಸತ್ಯಾಗ್ರಹ ಮೊದಲಾಯಿತು. ಸೆಪ್ಟೆಂಬರಿನಲ್ಲಿ ಫೀನಿಕ್ಸಿನ ಮನೆಗಳಿಂದ ಕಸ್ತೂರಬಾ ಸಹಿತವಾಗಿ ಹದಿನಾರು ಮಂದಿ ಹೊರಟು, ಪ್ರಾಂತದ ಗಡಿಯನ್ನು ದಾಟಿ ಸೆರೆಮನೆಯನ್ನು ಸೇರಿದರು. ಬಳಿಕ ನೇಟಾಲಿನ ಕಲ್ಲಿದ್ದಲ ಗಣಿಗಳ ಕೂಲಿಗಳು ಕೆಲಸ ನಿಲ್ಲಿಸಿದರು. ಕೂಲಿಗಳು ಇದ್ದುದು ಗಣಿಯ ಧಣಿಗಳ ಮನೆಗಳಲ್ಲಿ. ಕೆಲವು ಧಣಿಗಳು ಆ ಮನೆಗಳ ನೀರನ್ನೂ ದೀಪವನ್ನೂ ನಿಲ್ಲಿಸಿದರು. ಪರರ ಮನೆಯಲ್ಲಿದ್ದು ಪರರನ್ನೆದುರಿಸುವುದು ಸಾಧ್ಯವಿಲ್ಲವೆಂದು ಕಂಡ ಗಾಂಧೀಜಿಯವರು, ಹೊದಿಕೆಯನ್ನಷ್ಟೇ ತೆಗೆದುಕೊಂಡು ಯಾತ್ರಿಕರಂತೆ ಹೊರಬರಲು ಅವರಿಗೆ ಬುದ್ಧಿ ಹೇಳಿದರು. ಗಂಡಸರೂ, ಕಂಕುಳಲ್ಲಿ ಕೂಸುಗಳನ್ನೆತ್ತಿಕೊಂಡ ಹೆಂಗಸರೂ ಸಾಲುಸಾಲಾಗಿ ಹೊರಬಂದರು. ನ್ಯೂಕಾಸಲ್ ಎಂಬ ಊರಿನಲ್ಲಿ ಲಾಜರಸ್ ಎಂಬ ತಮಿಳು ಕ್ರೈಸ್ತರ ಎರಡು ಮೂರು ಕೋಣೆಗಳ ಸಣ್ಣ ಮನೆಯೇ ಆ ಜನಪ್ರವಾಹಕ್ಕೆ ಛತ್ರವಾಯಿತು.

1913ರ ನವೆಂಬರ್ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಟ್ರಾನ್ಸ್‌ವಾಲಿನ ಗಡಿಯ ಕಡೆಗೆ ನಡೆದರು. ದಾರಿಯಲ್ಲಿ ಯಾರೂ ಸೆರೆಹಿಡಿಯದಿದ್ದರೆ ಎಂಟು ದಿನ ನಡೆದು ಸೇರಬೇಕೆಂದಿದ್ದ ಸ್ಥಳ ಯಾವುದು? ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಕಾಲನ್‌ಬಾಕರು ಸಿದ್ಧತೆ ನಡೆಸಿದ್ದರು. ಯಾತ್ರಿಕರ ಕೈಯಿಂದಲೇ ಮಣ್ಣಿನ ಗುಡಿಸಲುಗಳನ್ನು ಕಟ್ಟಿಸಿ, ಹೊಲದ ದುಡಿಮೆಯಿಂದ ಎಲ್ಲರನ್ನೂ ಪೋಷಿಸಬೇಕೆಂಬುದು ಯೋಜನೆ. ಸರ್ಕಾರವು ದಾರಿಯಲ್ಲಿ ನಾಲ್ಕು ದಿನಗಳೊಳಗೆ ಮೂರು ಬಾರಿ ಗಾಂಧೀಜಿಯವರನ್ನು ಬಂಧಿಸಿತು. ಕೊನೆಗೆ ಬಾಲ್ಫರ್ ಎಂಬಲ್ಲಿ ಯಾತ್ರಿಕರೆಲ್ಲರನ್ನೂ ರೈಲಿಗೆ ತುಂಬಿ ಹಿಂದಕ್ಕೆ ಕಳುಹಿಸಿತು. ಅವರು ಆ ಮನೆಗಳನ್ನು ಮುಟ್ಟಲಿಲ್ಲ. ಆದರೆ ತಮ್ಮವರದೊಂದು ಸೂರು ಮುಂದಿದೆಯೆಂಬ ನಂಬಿಕೆಯೇ ಅವರನ್ನು ಅಷ್ಟು ದೂರ ನಡೆಸಿತು. 1914ರಲ್ಲಿ ಆ ಕಂದಾಯವು ರದ್ದಾಯಿತು.

ಆ ವರ್ಷದ ಜುಲೈ ತಿಂಗಳಲ್ಲಿ ಗಾಂಧೀಜಿಯವರು ಎರಡು ನೆಲೆಗಳನ್ನೂ ಹಿಂದೆ ಬಿಟ್ಟು ದಕ್ಷಿಣ ಆಫ್ರಿಕಾದಿಂದ ಹೊರಟರು. 1915ರ ಜನವರಿಯಲ್ಲಿ ಭಾರತಕ್ಕೆ ಬಂದು, ಮೇ ತಿಂಗಳಲ್ಲಿ ಅಹಮದಾಬಾದಿನ ಕೊಚರಬ್ ಎಂಬಲ್ಲಿ ಬಾಡಿಗೆಯ ಬಂಗಲೆಯೊಂದರಲ್ಲಿ ಆಶ್ರಮವನ್ನು ತೆರೆದರು. ಕೆಲವು ತಿಂಗಳಲ್ಲಿಯೇ ಅದಕ್ಕೆ ಪರೀಕ್ಷೆ ಒದಗಿತು. ಅಸ್ಪೃಶ್ಯರೆನಿಸಿಕೊಂಡಿದ್ದ ದೂದಾಭಾಯಿ ಎಂಬವರು ಹೆಂಡತಿ ಮತ್ತು ಹಸುಗೂಸಿನೊಡನೆ ಆಶ್ರಮದಲ್ಲಿರಲು ಬಂದರು. ಗಾಂಧೀಜಿಯವರು ಅವರನ್ನು ಸೇರಿಸಿಕೊಂಡೊಡನೆ ಬಾವಿಯ ನೀರಿಗೆ ತಕರಾರಾಯಿತು, ಧನಸಹಾಯ ನಿಂತಿತು. ಬಾಗಿಲು ಎಲ್ಲರಿಗೂ ತೆರೆಯದಿದ್ದರೆ ಮನೆ ಇದ್ದರೇನು, ಬಿಟ್ಟರೇನು? ಬೇಕಾದರೆ ಅಸ್ಪೃಶ್ಯರ ಕೇರಿಗೇ ಹೋಗಿ ವಾಸಿಸುವುದೆಂದು ಅವರು ನಿರ್ಧರಿಸಿದರು. ಅಷ್ಟರಲ್ಲಿ ಹೆಸರು ಹೇಳಲೊಲ್ಲದ ಒಬ್ಬ ಶ್ರೀಮಂತರು ಬಂದು 13,000 ರೂಪಾಯಿಗಳನ್ನು ಕೈಯಲ್ಲಿತ್ತು ಹೋದರು.

1917ರಲ್ಲಿ ಕೊಚರಬ್ ಹಳ್ಳಿಗೆ ಪ್ಲೇಗು ತಗುಲಿತು. ಆಶ್ರಮವು ಸಾಬರಮತಿ ನದಿಯ ದಂಡೆಗೆ, ಸೆರೆಮನೆಯ ಹತ್ತಿರದ ಬಯಲಿಗೆ ವರ್ಗವಾಯಿತು. ಸತ್ಯಾಗ್ರಹಿಗೆ ಸೆರೆಮನೆ ತಪ್ಪದಿರುವುದರಿಂದ ಆ ನೆರೆಯೇ ಯೋಗ್ಯವೆಂದು ಗಾಂಧೀಜಿಯವರಿಗೆ ತೋರಿತು. ಅಲ್ಲಿ ಮನೆಯೂ ಇಲ್ಲ, ಮರವೂ ಇಲ್ಲ. ಹೆಂಗಸರು ಮಕ್ಕಳು ಸೇರಿ ನಲವತ್ತಕ್ಕೂ ಹೆಚ್ಚು ಮಂದಿ. ಮತ್ತೆ ಗುಡಾರಗಳು, ಅಡಿಗೆಗೆ ಒಂದು ತಗಡಿನ ಚಪ್ಪರ, ಮತ್ತೆ ಹಾವುಗಳು. ಹಾವುಗಳನ್ನು ಕೊಲ್ಲಬಾರದೆಂಬುದು ನಿಯಮ. ಫೀನಿಕ್ಸಿನಲ್ಲಿಯೂ ದುಡಿದಿದ್ದ ಮಗನಲಾಲ್ ಗಾಂಧಿಯವರು ಇಲ್ಲಿಯ ಕೆಲಸಕ್ಕೂ ಆಧಾರಸ್ತಂಭವಾದರು. ನಿಧಾನವಾಗಿ ಮನೆಗಳು, ನೇಯ್ಗೆಯ ಶಾಲೆ, ಪಾಠಶಾಲೆ ಎದ್ದವು.

1921ರ ಮಾರ್ಚ್ ಕೊನೆಯಲ್ಲಿ ನಮ್ಮ ವಿಜಯವಾಡದಲ್ಲಿ ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಇಪ್ಪತ್ತು ಲಕ್ಷ ಚರಕಗಳನ್ನು ನಾಡಿನ ಮನೆಗಳಿಗೆ ಮುಟ್ಟಿಸಬೇಕೆಂಬ ನಿರ್ಣಯವಾಯಿತು. ಮನೆಯೆಂದರೆ ಮಲಗುವ ಸ್ಥಳ ಮಾತ್ರವಲ್ಲ, ದುಡಿಯುವ ಸ್ಥಳವೆಂಬ ಸಾಬರಮತಿಯ ಪಾಠವು ಹೀಗೆ ದೇಶದ ಕಾರ್ಯಕ್ರಮವಾಯಿತು. 1924ರ ಡಿಸೆಂಬರಿನಲ್ಲಿ ಅವರು ಅಧ್ಯಕ್ಷರಾಗಿ ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಬಂದರು. ಕರ್ನಾಟಕದ ಸಿಂಹವೆನಿಸಿದ ಗಂಗಾಧರರಾವ್ ದೇಶಪಾಂಡೆಯವರು ಅವರ ವಾಸಕ್ಕಾಗಿ ಬಿದಿರು ಮತ್ತು ಖಾದಿಯಿಂದ ಒಂದು ಕುಟೀರವನ್ನು ಅಕ್ಕರೆಯಿಂದ ಸಿದ್ಧಪಡಿಸಿದ್ದರು. ಗಾಂಧೀಜಿಯವರ ಕಣ್ಣಿಗೆ ಅದು ಕುಟೀರವಾಗಿ ಕಾಣಲಿಲ್ಲ, ಖಾದಿಯ ಅರಮನೆಯಾಗಿ ಕಂಡಿತು. ಕೈಯಾರೆ ಮನೆ ಕಟ್ಟಿದವರಿಗೆ ಒಂದು ಮನೆಯನ್ನು ನೋಡಿದೊಡನೆ ಅದರ ಬೆಲೆ ತಿಳಿಯುತ್ತದೆ.

1930ರ ಮಾರ್ಚ್ 12ರಂದು 78 ಜನ ಸಂಗಡಿಗರೊಡನೆ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ, ಸ್ವರಾಜ್ಯ ಸಿಗುವವರೆಗೂ ಸಾಬರಮತಿಯ ಆಶ್ರಮಕ್ಕೆ ಹಿಂದಿರುಗುವುದಿಲ್ಲವೆಂದು ಅವರು ಪ್ರತಿಜ್ಞೆ ಮಾಡಿದರು. ಹದಿಮೂರು ವರ್ಷ ಬೆವರು ಸುರಿಸಿ ಬೆಳೆಸಿದ ನೆಲೆಯನ್ನು ಹೀಗೆ ಬಿಟ್ಟರು. 1933ರಲ್ಲಿ ಆ ಆಶ್ರಮವನ್ನೇ ವಿಸರ್ಜಿಸಿ, ಹರಿಜನ ಸೇವೆಗೆ ಒಪ್ಪಿಸಿಕೊಟ್ಟರು.

ನಾಲ್ಕನೆಯ ಮನೆ ಎದ್ದುದು ವಾರ್ಧಾದ ಹತ್ತಿರದ ಸೇಗಾಂವ್ ಎಂಬ ಕುಗ್ರಾಮದಲ್ಲಿ. 1936ರ ಏಪ್ರಿಲ್ 30ರಂದು, ಅರುವತ್ತಾರರ ವಯಸ್ಸಿನಲ್ಲಿ, ಅವರು ನಡೆದುಕೊಂಡೇ ಆ ಹಳ್ಳಿಗೆ ಬಂದರು. ಸರಿಯಾದ ರಸ್ತೆಯಿಲ್ಲ, ಮಲೇರಿಯಾದ ಬಾಧೆ ಬೇರೆ. ಸುತ್ತಮುತ್ತ ದೊರೆಯುವ ಸಾಮಗ್ರಿಯಿಂದ, ಸುತ್ತಮುತ್ತಲಿನವರ ಕೈಯಿಂದಲೇ ಮನೆಯಾಗಬೇಕೆಂದು ಅವರು ವಿಧಿಸಿದರು. ಮಣ್ಣಿನ ಗೋಡೆ, ಬಿದಿರಿನ ಕಟ್ಟು, ನಾಡಹೆಂಚಿನ ಮಾಡು. ಮೊದಲು ಕಟ್ಟಿದ ಆದಿನಿವಾಸದಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ವಾಸಿಸಿದರು. ಬಳಿಕ, ಇಂಗ್ಲೆಂಡಿನಿಂದ ಬಂದ ಶಿಷ್ಯೆ ಮೀರಾಬೆನ್ ತಮಗಾಗಿ ಕಟ್ಟಿಕೊಂಡಿದ್ದ ಗುಡಿಸಲೇ ಗಾಂಧೀಜಿಯವರ ವಾಸಸ್ಥಾನವಾಯಿತು. ಅದೇ ಇಂದು ಬಾಪುಕುಟಿಯೆಂದು ಹೆಸರಾಗಿದೆ. ಅದರ ಗೋಡೆಯ ಮೇಲೆ ಮೀರಾಬೆನ್ ಮಣ್ಣಿನಿಂದಲೇ ಮೂಡಿಸಿದ ತಾಳೆಯ ಮರಗಳನ್ನೂ ಚರಕವನ್ನೂ ಈಗಲೂ ನೋಡಬಹುದು. ಮೂವತ್ತೆರಡು ವರ್ಷಗಳ ಹಿಂದೆ ಫೀನಿಕ್ಸಿನಲ್ಲಿ ಆಶಿಸಿದ್ದ ಮಣ್ಣಿನ ಮನೆ ಇಲ್ಲಿ ಕೈಗೂಡಿತು. 1940ರಲ್ಲಿ ಹಳ್ಳಿಗೆ ಸೇವಾಗ್ರಾಮವೆಂಬ ಹೆಸರಾಯಿತು.

ಈ ಮನೆಯೂ ಅವರನ್ನು ಹಿಡಿದಿಡಲಿಲ್ಲ. 1946ರ ಆಗಸ್ಟಿನಲ್ಲಿ ದೆಹಲಿಗೆ ಹೊರಟವರು ಮತ್ತೆ ಸೇವಾಗ್ರಾಮವನ್ನು ಕಾಣಲಿಲ್ಲ. ಮತೀಯ ದ್ವೇಷದಿಂದ ಮನೆಗಳು ಉರಿಯುತ್ತಿದ್ದ ಬಂಗಾಳದ ನೌಖಾಲಿಯಲ್ಲಿ ಎಪ್ಪತ್ತೇಳರ ಆ ವೃದ್ಧರು ಹಳ್ಳಿಯಿಂದ ಹಳ್ಳಿಗೆ ಬರಿಗಾಲಿನಲ್ಲಿ ನಡೆದರು. ಆಶ್ರಯವಿತ್ತವರ ಮನೆಯಲ್ಲಿ ಮಲಗಿದರು. ಮನೆ ಕಟ್ಟುವುದೆಂದರೇನೆಂದು ಬಲ್ಲವರಿಗೆ ಸುಟ್ಟ ಮನೆಯ ದುಃಖವೂ ತಿಳಿದಿರುತ್ತದೆ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ, ಸಂಜೆಯ ಪ್ರಾರ್ಥನೆಗೆ ನಡೆದುಹೋಗುತ್ತಿದ್ದಾಗ, ಹಂತಕನ ಗುಂಡಿಗೆ ಅವರು ಬಲಿಯಾದರು. ನಾಲ್ಕು ನೆಲೆಗಳನ್ನು ಕಟ್ಟಿದ ಅವರ ಹೆಸರಿನಲ್ಲಿ ಆ ದಿನ ಸ್ವಂತದ್ದೆನ್ನುವ ಮನೆ ಒಂದೂ ಇರಲಿಲ್ಲ.

ಅವರು ಕಟ್ಟಿದ ಮನೆಗಳೆಲ್ಲ ಉಳಿದಿಲ್ಲ. 1985ರ ಆಗಸ್ಟಿನಲ್ಲಿ ಡರ್ಬಾನಿನ ಸುತ್ತ ನಡೆದ ಗಲಭೆಯಲ್ಲಿ ಫೀನಿಕ್ಸಿನ ಮನೆ ಸುಟ್ಟುಹೋಯಿತು. ಆದರೆ ಅಲ್ಲಿಯ ಜನರು ಅದನ್ನು ಮತ್ತೆ ಎಬ್ಬಿಸಿದರು. ಸ್ವತಂತ್ರ ದಕ್ಷಿಣ ಆಫ್ರಿಕಾದ ರಾಷ್ಟ್ರಾಧ್ಯಕ್ಷರು 2000ದಲ್ಲಿ ಅದರ ಬಾಗಿಲನ್ನು ತೆರೆದರು. ತಗಡು ತುಕ್ಕು ಹಿಡಿಯುತ್ತದೆ, ಮಣ್ಣು ಕರಗುತ್ತದೆ. ಕಟ್ಟುವ ಬುದ್ಧಿ ಉಳಿದರೆ ಮನೆ ಮತ್ತೆ ನಿಲ್ಲುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ನಮ್ಮಲ್ಲಿ ಬಹುಮಂದಿ ಕೆಲಸವನ್ನರಸಿ ಈ ಕಡಲತೀರಕ್ಕೆ ಬಂದವರ ಮಕ್ಕಳು. ಕೆಲವರ ತಂದೆತಾಯಿಗಳು ಪರರಿಗಾಗಿ ಗೋಡೆ ಕಟ್ಟಿ, ಸಂಜೆ ಬಾಡಿಗೆಯ ಕೋಣೆಗೆ ಹಿಂದಿರುಗುತ್ತಾರೆ. ಸಿಮೆಂಟಿನ ಧೂಳಿನ ಆ ಕೈಗಳನ್ನು ಕಂಡು ನಾಚಬೇಡಿರಿ. ಬ್ಯಾರಿಸ್ಟರರೊಬ್ಬರು ಆಶೆಪಟ್ಟು ಕಲಿತ ವಿದ್ಯೆ ಆ ಕೈಗಳಲ್ಲಿದೆ. ದೊಡ್ಡವರಾದ ಮೇಲೆ ನೀವೂ ಮನೆ ಕಟ್ಟುವಿರಿ, ಕಟ್ಟಬೇಕು. ಆಗ ಎಷ್ಟು ಅಂತಸ್ತು ಎಂದು ಕೇಳುವವರು ಬಹಳ ಮಂದಿ ಸಿಗುವರು. ಯಾರ ಕೈ ಇದನ್ನು ಕಟ್ಟಿತು, ಕಷ್ಟದಲ್ಲಿದ್ದವನು ಬಂದರೆ ಇದರ ಬಾಗಿಲು ತೆರೆಯುವುದೇ ಎಂಬ ಎರಡು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿರಿ. ಅಲ್ಲಿಯವರೆಗೆ ಈ ಶಾಲೆಯೇ ನಮ್ಮೆಲ್ಲರ ಮನೆ. ಇದರ ಅಂಗಳದ ಕಸ ಗುಡಿಸುವುದಕ್ಕೂ ಗಿಡಗಳಿಗೆ ನೀರು ಹೊರುವುದಕ್ಕೂ ನಾಳೆಯ ಬೆಳಗೇ ಸಾಕು. ಗುರುಗಳೂ ನಿಮ್ಮೊಡನೆ ಇರುವರು.